ರ‍್ಯಾಂಪ್ ಕಟ್ಟೋದು ಅವಿಶ್ವಾಸವೇ?

ಬೈಬಲ್ ತಂದವರು ಎರಡನೇ ಸಮುವೇಲ 9ನೇ ಅಧ್ಯಾಯ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ವಾಟ್ಸಾಪ್ ಮುಚ್ಚಿ, ಆಮೇಲೆ ಓದಿ.

ಇವತ್ತಿನ ಸಂದೇಶ ನಮ್ಮ ಯೌವನಸ್ಥರ ಬೈಬಲ್ ಸ್ಟಡಿಯಲ್ಲಿ ಎದ್ದ ಒಂದು ಚರ್ಚೆಯಿಂದ ಬಂದದ್ದು. ವಿಕಲಚೇತನರಿಗೆ ಸರ್ಕಾರ, ಪಂಚಾಯಿತಿ, ನಗರಸಭೆಗಳು ಮನೆ ಕೊಡುವ ಯೋಜನೆಗಳ ಬಗ್ಗೆ ಮಾತು ಬಂತು. ಮೂರು ಪ್ರಶ್ನೆ ಎದ್ದವು. ಒಬ್ಬ ತಮ್ಮ ಕೇಳಿದ: "ಬ್ರದರ್, ನಮ್ಮದು ಸ್ವಸ್ಥತೆಗಾಗಿ ಪ್ರಾರ್ಥನೆ ಮಾಡೋ ಸಭೆ. ರ‍್ಯಾಂಪು, ವಿಶೇಷ ಮನೆ ಅಂತ ನಾವು ಓಡಾಡಿದ್ರೆ ದೇವರು ವಾಸಿ ಮಾಡಲ್ಲ ಅಂತ ಒಪ್ಪಿಕೊಂಡ ಹಾಗೆ ಅಲ್ವಾ?" ಇನ್ನೊಬ್ಬ ತಂಗಿ ಕೇಳಿದಳು: "ಮನೆ ಇಲ್ಲದ ಬಡವರು ಲಕ್ಷಾಂತರ ಜನ ಇದ್ದಾರೆ. ಇವರಿಗೇ ಯಾಕೆ ಮೊದಲು?" ಮತ್ತೊಬ್ಬರು ಹೇಳಿದರು: "ಅದು ಸರ್ಕಾರದ ಕೆಲಸ ಬ್ರದರ್, ನಮ್ಮ ಕೆಲಸ ಸುವಾರ್ತೆ."

ಮೂರೂ ಒಳ್ಳೆ ಪ್ರಶ್ನೆಗಳೇ. ಮೂರಕ್ಕೂ ದೇವರ ವಾಕ್ಯದಲ್ಲಿ ಉತ್ತರ ಹುಡುಕೋಣ.

ಮೊದಲು ಕಥೆ. ಯೋನಾತಾನನ ಮಗ ಮೆಫೀಬೋಶೆತ್. ಸೌಲನೂ ಯೋನಾತಾನನೂ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಇವನಿಗೆ ಐದು ವರ್ಷ. ದಾದಿ ಅವನನ್ನು ಎತ್ತಿಕೊಂಡು ಗಾಬರಿಯಿಂದ ಓಡಿದಳು, ಮಗು ಬಿತ್ತು, ಎರಡೂ ಕಾಲು ಹೋಯಿತು. ಇದನ್ನ ನೆನಪಿಡಿ. ಅವನ ಪಾಪಕ್ಕೆ ಬಂದದ್ದಲ್ಲ, ತಂದೆಯ ಶಾಪವೂ ಅಲ್ಲ. ದೊಡ್ಡವರು ಮಾಡಿದ ಯುದ್ಧ, ಅದರ ಗಾಬರಿ, ಅದರಲ್ಲಿ ಒಂದು ಮಗು ಬಿತ್ತು. ವಿಕಲಚೇತನ ಮಗು ಹುಟ್ಟಿದ ಮನೆಗೆ ಹೋಗಿ ಏನು ಪಾಪ ಮಾಡಿದಿರೋ ಅಂತ ಕೇಳುವ ವಿಶ್ವಾಸಿಗಳು ಇವತ್ತಿಗೂ ಇದ್ದಾರೆ. ಅಂಥವರು ಎರಡನೇ ಸಮುವೇಲ 4:4ನ್ನು ನಿಧಾನವಾಗಿ ಓದಬೇಕು.

ದೊಡ್ಡವನಾದ ಮೇಲೆ ಅವನು ಎಲ್ಲಿದ್ದ? ಲೋದೆಬಾರಿನಲ್ಲಿ, ಮಾಕೀರ ಅನ್ನುವವನ ಮನೆಯಲ್ಲಿ. ರಾಜನ ಮೊಮ್ಮಗ, ಆದರೆ ಸ್ವಂತ ಸೂರಿಲ್ಲ. ಹೆಂಡತಿ ಮಗು ಕಟ್ಟಿಕೊಂಡು ಇನ್ನೊಬ್ಬರ ಮನೆಯಲ್ಲಿ ಇರುವ ಜೀವನ ಹೇಗಿರುತ್ತೆ ಅಂತ ನಮ್ಮಲ್ಲಿ ಕೆಲವರಿಗೆ ಗೊತ್ತು. ದಾವೀದನ ಮುಂದೆ ಬಂದಾಗ ಅವನು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡ. ಯಾರ ಹಂಗಿನಲ್ಲೋ ಬಹಳ ದಿನ ಬದುಕಿದವರ ಬಾಯಲ್ಲಿ ಇಂಥ ಮಾತು ಬರುತ್ತೆ.

ದಾವೀದ ಮೂರು ಕೆಲಸ ಮಾಡಿದ. ಒಂದು, ಅವನ ಅಜ್ಜ ಸೌಲನ ಜಮೀನನ್ನೆಲ್ಲ ಅವನಿಗೆ ವಾಪಸ್ ಕೊಟ್ಟ. ಎರಡು, ಆ ಜಮೀನನ್ನು ಉಳುವುದಕ್ಕೆ ಚೀಬ, ಅವನ ಹದಿನೈದು ಮಕ್ಕಳು, ಇಪ್ಪತ್ತು ಆಳುಗಳನ್ನು ನೇಮಿಸಿದ. ಮೂರು, ತನ್ನ ಮೇಜಿನಲ್ಲಿ ಪ್ರತಿದಿನ ಊಟಕ್ಕೆ ಜಾಗ ಕೊಟ್ಟ. ಆಸ್ತಿ, ಸಹಾಯ, ಸಹವಾಸ. ಈ ಮೂರನ್ನು ಕೈಯಲ್ಲಿ ಹಿಡ್ಕೊಳ್ಳಿ, ಮತ್ತೆ ಬರ್ತೀನಿ.

ಈಗ ಮೊದಲನೇ ಪ್ರಶ್ನೆ. ಸ್ವಸ್ಥತೆಗೆ ಪ್ರಾರ್ಥನೆ ಮಾಡುವವರು ರ‍್ಯಾಂಪ್ ಕಟ್ಟಬಹುದಾ?

ನಾನು ಸ್ವಸ್ಥತೆಯನ್ನು ನಂಬ್ತೀನಿ. ಪೇತ್ರ ಯೋಹಾನರು ಸುಂದರ ಬಾಗಿಲಿನ ಹತ್ತಿರ ಆ ಕುಂಟನ ಕೈಹಿಡಿದು ಎಬ್ಬಿಸಿದ್ದನ್ನು ಅಕ್ಷರಶಃ ನಂಬ್ತೀನಿ. ಇವತ್ತೂ ಪ್ರಾರ್ಥನೆ ಮಾಡ್ತೀನಿ, ಮುಂದೆಯೂ ಮಾಡ್ತೀನಿ. ಆದರೆ 9ನೇ ಅಧ್ಯಾಯದ ಕೊನೆಯ ವಚನ ನೋಡಿ. ಮೆಫೀಬೋಶೆತ್ ಯೆರೂಸಲೇಮಿನಲ್ಲಿ ವಾಸ ಮಾಡಿದ, ನಿತ್ಯ ರಾಜನ ಮೇಜಿನಲ್ಲಿ ಊಟ ಮಾಡಿದ ಅಂತ ಹೇಳಿ, ಅವನಿಗೆ ಎರಡು ಕಾಲೂ ಕುಂಟು ಅಂತ ಮತ್ತೊಮ್ಮೆ ಹೇಳಿ ಅಧ್ಯಾಯ ಮುಗಿಯುತ್ತೆ. ವಾಸಿಯಾದ ಅಂತ ಇಲ್ಲ. ವಾಸಿಯಾಗು, ಆಮೇಲೆ ಬಾ ಅಂತ ದಾವೀದ ಹೇಳಲಿಲ್ಲ. ಇದ್ದ ಹಾಗೇ ಕರೆಸಿದ, ಇದ್ದ ಹಾಗೇ ಕೂರಿಸಿದ.

ಇನ್ನು ಮಾರ್ಕ 2ನೇ ಅಧ್ಯಾಯ. ಕಪೆರ್ನೌಮಿನಲ್ಲಿ ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬಂದರು. ಬಾಗಿಲಲ್ಲಿ ಜಾಗವಿಲ್ಲ. ಮನೆಗೆ ಹೋಗಿ ಪ್ರಾರ್ಥನೆ ಮಾಡೋಣ ಅಂತ ವಾಪಸ್ ಹೋಗಲಿಲ್ಲ. ಮೇಲೆ ಹತ್ತಿದರು, ಛಾವಣಿ ತೆರೆದರು, ಹಾಸಿಗೆ ಇಳಿಸಿದರು. ಅಂದರೆ ಆ ದಿನ ಮೊದಲು ಬದಲಾದದ್ದು ಕಟ್ಟಡ. ರೋಗಿ ಎದ್ದು ನಡೆದದ್ದು ಆಮೇಲೆ. ಯೇಸು ಆ ಛಾವಣಿಯ ತೂತು ನೋಡಿ ಬೈಲಿಲ್ಲ. ಅವರ ನಂಬಿಕೆಯನ್ನು ಕಂಡ ಅಂತ ಸುವಾರ್ತೆ ಹೇಳುತ್ತೆ. ಒಬ್ಬ ಮನುಷ್ಯ ಒಳಗೆ ಬರಲಿ ಅಂತ ಕಟ್ಟಡ ಒಡೆದದ್ದನ್ನು ಕರ್ತನು ನಂಬಿಕೆ ಅಂತ ಲೆಕ್ಕ ಹಾಕಿದನು. ಹಾಗಾದರೆ ತಮ್ಮ, ರ‍್ಯಾಂಪ್ ಕಟ್ಟೋದು ಅವಿಶ್ವಾಸ ಹೇಗಾಗುತ್ತೆ? ದೇವರು ವಾಸಿ ಮಾಡುವ ತನಕ ಆ ಮನುಷ್ಯ ಮೆಟ್ಟಿಲ ಕೆಳಗೆ ಕಾಯಲಿ ಅನ್ನೋದಕ್ಕೆ ನಂಬಿಕೆ ಅಂತ ಹೆಸರಿಡಬೇಡಿ. ಆಮೆನ್?

ಎರಡನೇ ಪ್ರಶ್ನೆ. ಇವರಿಗೇ ಯಾಕೆ ಮೊದಲು?

ಕಾನೂನಿನಲ್ಲಿ ಏನಿದೆ ಅಂತ ಮೊದಲು ತಿಳ್ಕೊಳ್ಳೋಣ, ಯಾಕಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಕರ್ನಾಟಕದಲ್ಲೇ 13 ಲಕ್ಷಕ್ಕಿಂತ ಹೆಚ್ಚು. 2016ರಲ್ಲಿ ಸಂಸತ್ತು ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಡಿತು. ಹಿಂದಿನ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಹೊಸದರಲ್ಲಿ 21. ಅದರ 37ನೇ ಸೆಕ್ಷನ್ ಪ್ರಕಾರ ಸರ್ಕಾರದ ವಸತಿ ಯೋಜನೆಗಳ ಹಂಚಿಕೆಯಲ್ಲಿ 5% ಮೀಸಲು, ಅಂದರೆ ನೂರು ಮನೆಯಲ್ಲಿ ಐದು, ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ. ಅದರಲ್ಲೂ ಮಹಿಳೆಯರಿಗೆ ಆದ್ಯತೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ, ನಗರಸಭೆ, ಪಾಲಿಕೆಗಳು ತಮ್ಮ ಸ್ವಂತ ನಿಧಿಯಲ್ಲೂ 5% ವಿಕಲಚೇತನರಿಗಾಗಿ ಇಡಬೇಕು. ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ನಡೆಯುವ ದೇವರಾಜ ಅರಸು ವಸತಿ ಯೋಜನೆ ಇರುವುದೇ ವಿಶೇಷ ವರ್ಗದವರಿಗೆ: ವಿಕಲಚೇತನರು, ಕುಷ್ಠರೋಗದಿಂದ ಗುಣವಾದವರು, ಎಚ್‌ಐವಿ ಬಾಧಿತರು, ಮಾಜಿ ದೇವದಾಸಿಯರು, ಪೌರಕಾರ್ಮಿಕರು, ಲಿಂಗತ್ವ ಅಲ್ಪಸಂಖ್ಯಾತರು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ವಿಕಲಚೇತನರೂ ವೃದ್ಧರೂ ಇರುವ ಕುಟುಂಬಕ್ಕೆ ಆದಷ್ಟು ನೆಲಮಹಡಿ ಅಥವಾ ಕೆಳಗಿನ ಮಹಡಿ ಕೊಡಬೇಕು ಅಂತ ಮಾರ್ಗಸೂಚಿ ಇದೆ.

ಈ ಪಟ್ಟಿ ಓದಿ ಕೆಲವರಿಗೆ ಹೊಟ್ಟೆ ಉರಿಯುತ್ತೆ. ನಾವೂ ಬಾಡಿಗೆ ಕಟ್ಕೊಂಡೇ ಸಾಯ್ತಿದ್ದೀವಲ್ಲ ಅಂತ. ಆ ನೋವು ಸುಳ್ಳಲ್ಲ. ಆದರೆ ಒಂದು ಲೆಕ್ಕ ಮಾಡಿ. ಸರ್ಕಾರ 20x30 ಸೈಟಿನಲ್ಲಿ ಇಬ್ಬರಿಗೆ ಒಂದೇ ತರದ ಮನೆ ಕೊಟ್ಟಿತು ಅಂತ ಇಟ್ಕೊಳ್ಳಿ. ಮಳೆನೀರು ಬರಬಾರದು ಅಂತ ನೆಲ ಒಂದೂವರೆ ಅಡಿ ಎತ್ತರ, ಮೂರು ಮೆಟ್ಟಿಲು. ನಿಮಗೆ ಅದು ಮೂರು ಹೆಜ್ಜೆ. ಗಾಲಿಕುರ್ಚಿಯವರಿಗೆ ಅದು ಗೋಡೆ. ಗಾಲಿಕುರ್ಚಿ ಸುರಕ್ಷಿತವಾಗಿ ಹತ್ತಬೇಕು ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಅಂತ ಕಟ್ಟಡ ನಿಯಮ. ಒಂದೂವರೆ ಅಡಿಗೆ ಹದಿನೆಂಟು ಅಡಿ. ಮೂವತ್ತು ಅಡಿ ಸೈಟಿನಲ್ಲಿ ಹದಿನೆಂಟು ಅಡಿ ರ‍್ಯಾಂಪನ್ನು ಮನೆ ಕಟ್ಟಿದ ಮೇಲೆ ಎಲ್ಲಿ ಹಾಕ್ತೀರಿ? ಬಾತ್‌ರೂಮ್ ಬಾಗಿಲು ಎರಡೂವರೆ ಅಡಿ ಇಟ್ಟರೆ ಗಾಲಿಕುರ್ಚಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಸುಮಾರು ಮೂರು ಅಡಿ ಬೇಕು. ಪಾಯ ಹಾಕುವಾಗಲೇ ಯೋಚಿಸದಿದ್ದರೆ ಕಾಗದದ ಮೇಲೆ ಮನೆ ಸಿಕ್ಕಿರುತ್ತೆ, ಸ್ನಾನಕ್ಕೆ ಮಾತ್ರ ಯಾರಾದರೂ ಎತ್ತಿಕೊಂಡು ಹೋಗಬೇಕು. ಇಬ್ಬರಿಗೂ ಒಂದೇ ಕೊಟ್ಟರೆ ಸಮ ಅನ್ನೋದು ಇಲ್ಲಿ ನಿಲ್ಲಲ್ಲ. ಮನ್ನ ಕೂಡಿಸಿದಾಗ ಇಸ್ರಾಯೇಲರು ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಪ್ರತಿಯೊಬ್ಬನ ಊಟಕ್ಕೆ ಬೇಕಾದಷ್ಟು, ಅದು ದೇವರ ಅಳತೆ.

ಇನ್ನೊಂದು ವಿಷಯ. ನಮ್ಮ ರಾಜ್ಯದ ವಸತಿ ಯೋಜನೆಗಳಲ್ಲಿ ಹಣ ಹಂತ ಹಂತವಾಗಿ ಬರುತ್ತೆ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಪ್ರತಿ ಹಂತ ಮುಗಿಸಿ, ಜಿಪಿಎಸ್ ಫೋಟೋ ಅಪ್‌ಲೋಡ್ ಆಗಿ, ಆಮೇಲೆ ಖಾತೆಗೆ ಜಮಾ. ಗಟ್ಟಿಮುಟ್ಟಾದವನು ತಾನೇ ಕಲ್ಲು ಹೊತ್ತು, ಮೇಸ್ತ್ರಿಯನ್ನು ಹುಡುಕಿ, ಸಾಲ ಮಾಡಿ ಪಾಯ ಮುಗಿಸುತ್ತಾನೆ. ಹಾಸಿಗೆ ಹಿಡಿದ ಒಂಟಿ ಹೆಂಗಸು ಏನು ಮಾಡಬೇಕು? ಮಂಜೂರಾದ ಮನೆ ಪಾಯದಲ್ಲೇ ನಿಂತುಹೋಗುತ್ತೆ. ದಾವೀದ ಬರೀ ಜಮೀನು ಕೊಟ್ಟು ಸುಮ್ಮನಿದ್ದಿದ್ದರೆ ಮೆಫೀಬೋಶೆತ್ ಉಳುವುದು ಹೇಗೆ? ಅದಕ್ಕೇ ಚೀಬ, ಹದಿನೈದು ಮಕ್ಕಳು, ಇಪ್ಪತ್ತು ಆಳು. ಆಸ್ತಿಯ ಜೊತೆಗೆ ಸಹಾಯವೂ ಹೋಗಬೇಕು ಅಂತ ದಾವೀದನಿಗೆ ಗೊತ್ತಿತ್ತು.

ಇಲ್ಲಿ ಒಂದು ಮುಖ್ಯ ಮಾತು. ದಾವೀದ ಮಾಡಿದ್ದು ದಾನವಾ? ದಯೆ ಅಂತ ಅವನೇ ಹೇಳಿದ. ಆದರೆ ಅದು ಎಲ್ಲಿಂದ ಬಂತು? ಅವನೂ ಯೋನಾತಾನನೂ ಒಡಂಬಡಿಕೆ ಮಾಡಿಕೊಂಡಿದ್ದರು, ನನ್ನ ಮನೆತನಕ್ಕೆ ದಯೆ ತಪ್ಪಿಸಬೇಡ ಅಂತ ಯೋನಾತಾನ ಕೇಳಿದ್ದ. ದಾವೀದ ಕೊಟ್ಟದ್ದು ಕೊಡಬೇಕಾಗಿದ್ದ ಬಾಕಿ. ದಾನಕ್ಕೂ ಬಾಕಿಗೂ ವ್ಯತ್ಯಾಸ ಇದೆ. ದಾನದಲ್ಲಿ ಯಾವಾಗ, ಎಷ್ಟು, ಎಲ್ಲಿ ಅಂತ ಕೊಡುವವನು ತೀರ್ಮಾನ ಮಾಡ್ತಾನೆ, ತಗೊಳ್ಳುವವನು ಕೈಮುಗಿದು ನಿಲ್ಲಬೇಕು. ಬಾಕಿಯಾದರೆ ತಗೊಳ್ಳುವವನು ತಲೆಯೆತ್ತಿ ಕೇಳಬಹುದು. 5% ಅಂತ ಕಾನೂನಿನಲ್ಲಿ ಬರೆದ ದಿನ ಆ ಒಂಟಿ ಹೆಂಗಸು ಕೌಂಟರ್ ಮುಂದೆ ಭಿಕ್ಷುಕಿಯಾಗಿ ನಿಲ್ಲುವುದು ತಪ್ಪಿತು. ಅವಳು ಹಕ್ಕುದಾರಳು. ನಾವು ಅವಳ ಜೊತೆ ಕಚೇರಿಗೆ ಹೋದಾಗ ಸಾಹೇಬರೇ ಸ್ವಲ್ಪ ದಯೆ ತೋರಿಸಿ ಅಂತ ಶುರು ಮಾಡಬಾರದು. ಗೌರವದಿಂದ ಮಾತಾಡಿ, ಆದರೆ ಅರ್ಜಿ ಎಲ್ಲಿಗೆ ಬಂತು ಅಂತ ಕೇಳಿ.

ಮೂರನೇ ಪ್ರಶ್ನೆ. ಇದು ಸರ್ಕಾರದ ಕೆಲಸ ಅಲ್ವಾ?

ಹೌದು, ಸರ್ಕಾರದ ಕೆಲಸ. ಸರ್ಕಾರ ಮಾಡಲೇಬೇಕು. ಸಭೆ ಎಷ್ಟು ಕಾಣಿಕೆ ಎತ್ತಿದರೂ 13 ಲಕ್ಷ ಜನಕ್ಕೆ ಮನೆ ಕಟ್ಟಲು ಆಗಲ್ಲ. ಆದರೆ ಧರ್ಮೋಪದೇಶಕಾಂಡ 22:8 ನೋಡಿ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತೆ. ಪರಿಶುದ್ಧ ಗ್ರಂಥದಲ್ಲಿ ಕಟ್ಟಡ ನಿಯಮ! ಅದು ಬಂದದ್ದು ರಾಜನಿಗೆ ಮಾತ್ರವಲ್ಲ, ಮನೆ ಕಟ್ಟುವ ಪ್ರತಿಯೊಬ್ಬನಿಗೂ. ನಮ್ಮ ಮನೆಗೆ ಯಾರು ಬರಬಹುದು, ಯಾರು ಬೀಳಬಹುದು ಅಂತ ಮೊದಲೇ ಯೋಚಿಸೋದು ದೇವಭಕ್ತಿಯ ಭಾಗ. ಹಾಗಾದರೆ ನಮ್ಮ ಸಭಾ ಮಂದಿರಗಳನ್ನೇ ನೋಡಿ. ಬೆಂಗಳೂರಿನಲ್ಲಿ ಎಷ್ಟೋ ಪೆಂತೆಕೋಸ್ತ್ ಸಭೆಗಳು ಅಂಗಡಿಗಳ ಮೇಲೆ, ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಸೇರುತ್ತವೆ. ಬಾಡಿಗೆ ಕಡಿಮೆ ಅಂತ, ಗೊತ್ತು. ಆದರೆ ಸ್ವಸ್ಥತೆಯ ಕೂಟಕ್ಕೆ ಬನ್ನಿ ಅಂತ ಪೋಸ್ಟರ್ ಹಾಕಿ, ನಡೆಯಲಾಗದವನಿಗೆ ನಲವತ್ತು ಮೆಟ್ಟಿಲು ತೋರಿಸೋದು ಹೇಗೆ?

ದಾವೀದನ ಮೂರನೇ ಕೆಲಸ, ಮೇಜಿನ ಜಾಗ. ಅದನ್ನು ಯಾವ ಇಲಾಖೆಯೂ ಮಂಜೂರು ಮಾಡಲು ಆಗಲ್ಲ. ಸರ್ಕಾರ ನೆಲಮಹಡಿಯಲ್ಲಿ ಮನೆ ಕೊಡಬಹುದು. ಆದರೆ ಆಟಿಸಂ ಇರುವ ಹುಡುಗ ರಾತ್ರಿ ಕೂಗಿದ ಅಂತ ಪಕ್ಕದ ಮನೆಯವರು ಗಲಾಟೆ ಮಾಡಿದರೆ, ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತಾರೆ ಅಂತ ಗೊತ್ತಾಗಿ ಮಾಲೀಕರು ಖಾಲಿ ಮಾಡಿ ಅಂದರೆ, ಕಾರ್ ಪಾರ್ಕಿಂಗ್ ಹೋಗುತ್ತೆ ಅಂತ ಅಪಾರ್ಟ್‌ಮೆಂಟ್ ಅಸೋಸಿಯೇಶನ್ ರ‍್ಯಾಂಪ್ ಬೇಡ ಅಂದರೆ, ಆ ಮನೆ ಮತ್ತೆ ಲೋದೆಬಾರ್ ಆಗುತ್ತೆ. ಆ ಅಸೋಸಿಯೇಶನ್ ಮೀಟಿಂಗಿನಲ್ಲಿ ಯಾರಿರ್ತಾರೆ? ನೀವಿರ್ತೀರಿ. ಆ ವಾಟ್ಸಾಪ್ ಗ್ರೂಪಿನಲ್ಲಿ ಸುಮ್ಮನೆ ಥಂಬ್ಸ್ ಅಪ್ ಒತ್ತುವವರಲ್ಲಿ ನಮ್ಮವರೂ ಇರ್ತಾರೆ.

ಅದಕ್ಕೆ ಬದಲು ನಾವು ಸುಲಭವಾಗಿ ಹೇಳೋದು, ಇಂಥವರನ್ನ ಒಳ್ಳೆ ಹೋಮ್‌ಗೆ ಸೇರಿಸಿಬಿಡಿ ಅಂತ. ಹೋಮ್‌ಗಳಲ್ಲಿ ಪ್ರೀತಿಯಿಂದ ಸೇವೆ ಮಾಡುವವರಿದ್ದಾರೆ, ಅವರಿಗಾಗಿ ದೇವರಿಗೆ ಸ್ತೋತ್ರ. ಮಾಗಡಿ ರಸ್ತೆಯ ಸುಮನಹಳ್ಳಿ ಫ್ಲೈಓವರ್ ಮೇಲೆ ದಿನಾ ಓಡಾಡ್ತೀರಿ. ಕುಷ್ಠರೋಗಿಗಳ ಪುನರ್ವಸತಿಗೆ 1970ರ ದಶಕದ ಕೊನೆಯಲ್ಲಿ ಶುರುವಾದ ಕೇಂದ್ರದ ಹೆಸರು ಅದು. ಯಾರೂ ಮುಟ್ಟದಿದ್ದ ಕಾಲದಲ್ಲಿ ಕ್ರೈಸ್ತರೂ ಸರ್ಕಾರವೂ ಸೇರಿ ಮಾಡಿದ ಕೆಲಸ. ಊರಿನ ಅಂಚಿನಲ್ಲಿದ್ದ ಆ ಜಾಗವನ್ನು ಈಗ ಊರೇ ಬೆಳೆದು ಸುತ್ತಿಕೊಂಡಿದೆ. ಆದರೆ ಇವತ್ತಿನ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2016ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ವಿಕಲಚೇತನರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ, ಇಂಥ ಕಡೆಯೇ ಇರಬೇಕು ಅಂತ ಅವರನ್ನು ಒತ್ತಾಯಿಸುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅದನ್ನೇ ಹೇಳುತ್ತೆ: ಮನೆಯವರು ಬಿಟ್ಟುಬಿಟ್ಟರು ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬಾರದು. ಕ್ರಿಸ್‌ಮಸ್‌ಗೆ ಒಂದು ದಿನ ಕೇಕ್ ತಗೊಂಡು ಹೋಮ್‌ಗೆ ಹೋಗಿ, ಫೋಟೋ ತೆಗೆದು, ಸ್ಟೇಟಸ್ ಹಾಕೋದು ಸುಲಭ. ಅದೇ ವ್ಯಕ್ತಿ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ನಮ್ಮ ಮುಖ ಹೇಗಿರುತ್ತೆ ಅನ್ನೋದು ಪರೀಕ್ಷೆ.

ಈ ಕಥೆಯಲ್ಲಿ ಇನ್ನೊಂದು ಭಾಗ ಇದೆ, ಸಾಮಾನ್ಯವಾಗಿ ನಾವು ಪ್ರಸಂಗದಲ್ಲಿ ಬಿಟ್ಟುಬಿಡ್ತೀವಿ. 16ನೇ ಅಧ್ಯಾಯದಲ್ಲಿ ದಾವೀದ ಅಬ್ಷಾಲೋಮನಿಂದ ಓಡಿಹೋಗುವಾಗ ಚೀಬ ಕತ್ತೆಗಳ ಮೇಲೆ ರೊಟ್ಟಿ ಹಣ್ಣು ಹೇರಿಕೊಂಡು ಬಂದ. ನಿನ್ನ ಧಣಿ ಎಲ್ಲಿ ಅಂತ ಕೇಳಿದಾಗ, ಅವನು ರಾಜ್ಯದ ಆಸೆಗೆ ಯೆರೂಸಲೇಮಿನಲ್ಲೇ ಉಳಿದ ಅಂದ. ದಾವೀದ ವಿಚಾರಿಸಲಿಲ್ಲ. ಆಸ್ತಿಯೆಲ್ಲ ನಿನ್ನದೇ ಅಂತ ಚೀಬನಿಗೆ ಕೊಟ್ಟುಬಿಟ್ಟ. 19ನೇ ಅಧ್ಯಾಯದಲ್ಲಿ ಮೆಫೀಬೋಶೆತ್ ಬಂದು ತನ್ನ ಮಾತು ಹೇಳಿದ: ನಾನು ಕುಂಟ, ಕತ್ತೆಗೆ ತಡಿಹಾಕಿಸಿಕೊಂಡು ಬರಬೇಕು ಅಂತಿದ್ದೆ, ಸೇವಕ ಮೋಸ ಮಾಡಿದ ಅಂತ. ದಾವೀದ ಹೆಚ್ಚು ಕೇಳದೆ ಆಸ್ತಿಯನ್ನು ಇಬ್ಬರಿಗೂ ಹಂಚಿದ. ಒಳ್ಳೆ ರಾಜನೇ, ಆದರೆ ಆ ದಿನ ನಡೆಯಬಲ್ಲವನು ಮೊದಲು ಬಂದ, ಅವನ ಮಾತೇ ನಡೆಯಿತು.

ಇದು ಇವತ್ತೂ ನಡೆಯುತ್ತೆ. ಮನೆ ವಿಕಲಚೇತನರ ಹೆಸರಿನಲ್ಲಿ ಮಂಜೂರು, ವಾಸ ಇರೋದು ಬಂಧು. ಪಿಂಚಣಿ ಅವರ ಖಾತೆಗೆ, ಎಟಿಎಂ ಕಾರ್ಡು ಇನ್ನೊಬ್ಬರ ಜೇಬಿನಲ್ಲಿ. ಅದಕ್ಕೇ ತಂದೆ ತಾಯಿಗಳಿಗೆ ರಾತ್ರಿ ನಿದ್ರೆ ಬರಲ್ಲ. ನಾವು ಹೋದ ಮೇಲೆ ಇವನನ್ನ ಯಾರು ನೋಡ್ಕೋತಾರೆ? ಈ ಪ್ರಶ್ನೆಯನ್ನು ನನ್ನ ಹತ್ತಿರ ಕಣ್ಣೀರಿಟ್ಟು ಕೇಳಿದ ತಾಯಂದಿರಿದ್ದಾರೆ. ದೇವರು ನೋಡ್ಕೋತಾನಮ್ಮ ಅಂತ ಹೇಳೋದು ಸತ್ಯ. ಅಷ್ಟೇ ಹೇಳಿ ಎದ್ದು ಬರೋದು ಸಾಲಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. 18 ವರ್ಷ ತುಂಬಿದ ಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತೆ, ಅವರು ಆಸ್ತಿಯ ಲೆಕ್ಕ ಕೊಡಬೇಕು. ಅದೇ ಕಾಯ್ದೆಯಡಿ ವಯಸ್ಕರು ಜೊತೆಯಾಗಿ ಬಾಳುವ ಸಣ್ಣ ಮನೆಗಳಿಗೆ ಘರೌಂದಾ ಅನ್ನುವ ಯೋಜನೆ ಇದೆ. ಈ ಮಾಹಿತಿಯನ್ನು ಆ ತಾಯಿಯ ಕೈಗೆ ಮುಟ್ಟಿಸಿ ಜೊತೆಗೆ ಹೋಗೋದೂ ಒಂದು ಪ್ರಾರ್ಥನೆಯೇ.

ಹಾಗಾದರೆ ನಾವು ಏನು ಮಾಡೋಣ? ನಾಲ್ಕು ಜನ ಸಾಕು, ಕಪೆರ್ನೌಮಿನಲ್ಲೂ ನಾಲ್ಕೇ ಜನ. ನಿಮ್ಮ ಬೀದಿಯಲ್ಲಿ, ನಿಮ್ಮ ಹಳ್ಳಿಯಲ್ಲಿ ಇರುವ ಒಬ್ಬರ ಹತ್ತಿರ ಹೋಗಿ. ಮೊದಲು ಅವರನ್ನೇ ಕೇಳಿ, ಮನೆಯವರನ್ನಲ್ಲ: ನಿಮಗೆ ಎಲ್ಲಿ ಇರಬೇಕು ಅನ್ಸುತ್ತೆ, ಏನು ತೊಂದರೆ ಅಂತ. ಯುಡಿಐಡಿ ಕಾರ್ಡ್ ಇದೆಯಾ ನೋಡಿ, ಇಲ್ಲದಿದ್ದರೆ ಆನ್‌ಲೈನ್ ಅರ್ಜಿ ಹಾಕಿಕೊಡಿ, ನಿಮಗೆ ಲ್ಯಾಪ್‌ಟಾಪ್ ಇದೆಯಲ್ಲ. ಪಂಚಾಯಿತಿಯಲ್ಲಾದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣದಲ್ಲಾದರೆ ನಗರ ಪುನರ್ವಸತಿ ಕಾರ್ಯಕರ್ತರು ಇರ್ತಾರೆ. ಅವರೂ ಬಹಳ ಜನ ವಿಕಲಚೇತನರೇ, ಕಡಿಮೆ ಗೌರವಧನಕ್ಕೆ ದುಡಿಯುವವರು, ಅವರಿಗೆ ಬೈಕಿನಲ್ಲಿ ಡ್ರಾಪ್ ಕೊಟ್ಟರೂ ಸೇವೆಯೇ. ಗ್ರಾಮಸಭೆಯಲ್ಲಿ ವಸತಿ ಪಟ್ಟಿ ಓದುವಾಗ 5% ಎಲ್ಲಿ ಅಂತ ಎದ್ದು ಕೇಳಿ. ಮನೆ ಮಂಜೂರಾಗಿ ಪಾಯದಲ್ಲಿ ನಿಂತಿದ್ದರೆ ಸಭೆಯ ಹುಡುಗರು ಎರಡು ಶನಿವಾರ ಹೋಗಿ ಕೈ ಜೋಡಿಸಿ. ಪಾಯದ ದಿನವೇ ಮೇಸ್ತ್ರಿಗೆ ರ‍್ಯಾಂಪ್ ಅಳತೆ ಹೇಳಿ. ಮನೆ ಬಾಡಿಗೆಗೆ ಕೊಡುವವರಿದ್ದರೆ, ಇಂಥ ಕುಟುಂಬ ಕೇಳಿಕೊಂಡು ಬಂದಾಗ ಬಾಗಿಲು ಮುಚ್ಚಬೇಡಿ.

ಮನೆ ಆದ ಮೇಲೆ ಗೃಹಪ್ರವೇಶಕ್ಕೆ ಪ್ರಾರ್ಥನೆ ಮಾಡಿ ಬಿರಿಯಾನಿ ತಿಂದು ಮರೆತುಬಿಡಬೇಡಿ. ದಾವೀದನ ಮೇಜಿನಲ್ಲಿ ಜಾಗ ಕೊಟ್ಟದ್ದು ಒಂದು ದಿನಕ್ಕಲ್ಲ, ನಿತ್ಯವೂ.

ಸಭೆ ಎದ್ದು ನಿಲ್ಲೋಣ. ನಿಲ್ಲಲಾಗದವರು ಕೂತೇ ಇರಿ, ಕರ್ತನ ಮುಂದೆ ಎರಡೂ ಒಂದೇ.

ತಂದೆಯೇ, ನಮ್ಮ ಊರಿನಲ್ಲಿ ಸೂರಿಲ್ಲದೆ, ಇದ್ದರೂ ಒಳಗೆ ಹೋಗಲಾಗದೆ ಇರುವ ನಿನ್ನ ಮಕ್ಕಳನ್ನು ನೆನಪಿಸಿಕೊಳ್ಳುತ್ತೇವೆ. ಅವರನ್ನು ಸ್ವಸ್ಥಪಡಿಸು ಅಂತ ಬೇಡುತ್ತೇವೆ. ಅದರವರೆಗೂ ಅದರಾಚೆಗೂ ಅವರ ಹಾಸಿಗೆಯ ನಾಲ್ಕು ಮೂಲೆ ಹಿಡಿಯುವ ಕೈಗಳನ್ನು ನಮಗೆ ಕೊಡು. ಪಟ್ಟಿ ಬರೆಯುವ ಅಧಿಕಾರಿಗಳಿಗೆ ಎರಡೂ ಕಡೆಯ ಮಾತು ಕೇಳುವ ತಾಳ್ಮೆ ಕೊಡು. ನಮ್ಮ ಗೇಟುಗಳನ್ನೂ ನಮ್ಮ ಮನಸ್ಸನ್ನೂ ತೆರೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.